ಅಮ್ಮನ ಸೀರೆಯಲ್ಲಿ ತಪ್ಪಿದ ಎಳೆ

ನೋಡ್ರಪ್ಪಾ, ಇವತ್ತು ಗುಡಿಯಲ್ಲಿ ನನ್ನ ಮಾನ ಹೋಗುವುದರಲ್ಲಿತ್ತು. ನಮ್ಮ ಮಗ್ಗದಲ್ಲಿ ನಾನೇ ನೇಯ್ದು ಹರಕೆಗೆ ಕೊಟ್ಟ ಸೀರೆಯನ್ನು ಸೇಲಂ ಹತ್ತಿರದ ಹಳೆಯ ಕಲ್ಲುಗುಡಿಯ ಅಮ್ಮನಿಗೆ ಉಡಿಸಿದ್ದರು. ಅದರ ಅಂಚಿನಲ್ಲಿ ಒಂದು ಎಳೆ ತಪ್ಪಿದೆ. ನೇಯುವಾಗ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ, ಅದಕ್ಕೇ ಹಾಗಾಯಿತು. ಪೂಜಾರಿ ಆರತಿ ಎತ್ತಿದಾಗ ಬೆಳಕೆಲ್ಲ ಸರಿಯಾಗಿ ಅಲ್ಲಿಗೇ ಬಿತ್ತು!

"ಅಮ್ಮ ಕೋಪ ಮಾಡ್ಕೊಂಡ್ರೆ?" ಎಂದು ಯಜಮಾನರ ಕಿವಿಯಲ್ಲಿ ಕೇಳಿದೆ.

"ಸುಮ್ನೆ ಕೈ ಮುಗಿ ಲೇ. ಈ ಕಂಬ ಕೆತ್ತಿದೋನ್ಗೂ ಒಂದ್ಕಡೆ ಉಳಿ ಜಾರೈತೆ. ಇಷ್ಟು ಕಾಲ ಅಮ್ಮ ಏನಾರ ಅಂದವ್ಳಾ?" ಎಂದರು.

ಸ್ವಲ್ಪ ಸಮಾಧಾನವಾಗುವಷ್ಟರಲ್ಲಿ, ಇದನ್ನು ಕೇಳಿಸಿಕೊಂಡ ಪಕ್ಕದ ಹೆಂಗಸು ನನ್ನ ಕೈ ಹಿಡಿದಳು.

"ಅಕ್ಕಾ, ಸೀರೆ ನಿಮ್ದಾ? ಅಂಚಲ್ಲಿ ಒಂದ್ ಎಳೆ ಓಗೈತೆ, ಆಗ್ಲೇ ನೋಡ್ದೆ."

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಅವಳೇ ನಕ್ಕಳು.

"ಬುಡಕ್ಕಾ, ಪರವಾಯಿಲ್ಲ. ಓದ್ ವಾರ ನಾನ್ ನೇಯ್ದಿದ್ ಸೀರೆ ಉಡ್ಸಿದ್ರು. ಅದ್ರಲ್ಲಿ ಎಲ್ಡ್ ಎಳೆ ಓಗಿತ್ತು!"

ಆ ಗುಡಿಗೆ ಬರುವವರೆಲ್ಲ ನಮ್ಮಂತೆ ನೇಯುವವರೇ. ಅಮ್ಮನ ಮುಖವನ್ನು ಯಾರಾದರೂ ನೋಡುತ್ತಾರೋ ಇಲ್ಲವೋ ಎಂಬುದು ಈಗ ನನ್ನ ಹೊಸ ಚಿಂತೆ.