ಅಂಜಿನಿ ಗೆರೆ ತುಳಿಯಲಿಲ್ಲ

ಬಿಳಿಚೋಡಿನ ಅಂಜಿನಪ್ಪ ದೆಹಲಿಯ ಏಷ್ಯಾ ಕ್ರೀಡಾಕೂಟದಲ್ಲಿ ಗೆರೆ ತುಳಿಯಲಿಲ್ಲ. ಅವನಿಂದ ಯಾರೂ ಪದಕ ಕಿತ್ತುಕೊಳ್ಳಲೂ ಇಲ್ಲ. ಅವನು ಗೆರೆ ತುಳಿದ, ಅದಕ್ಕೇ ಪದಕ ಕೈತಪ್ಪಿತು ಎಂದು ಜಗಳೂರಿನಲ್ಲಿ ಹಬ್ಬಿಸಿದವನು ನಾನು — ಬಸ್ ಸ್ಟ್ಯಾಂಡ್ ಎದುರಿಗೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ರುದ್ರಪ್ಪ. ಯಾರೋ ಹೇಳಿದ್ದನ್ನು ನಂಬಿ ಹೇಳಿದೆ ಎನ್ನುವಂತೆಯೂ ಇಲ್ಲ. ಹುಟ್ಟಿಸಿಯೇ ಹೇಳಿದೆ.

ಅಂಜಿನಿ, ಇದು ನಿನಗೆ ಹೇಳುತ್ತಿರುವ ಮಾತು. ಆದರೆ ನಿನ್ನ ಕಿವಿಯಲ್ಲಿ ಮಾತ್ರ ಹೇಳಿ ಮುಗಿಸುವ ಹಾಗಿಲ್ಲ. ಸುಳ್ಳನ್ನು ನಾನು ಊರ ಮುಂದೆ ಹೇಳಿದ್ದೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಗೊತ್ತಿಲ್ಲದವರೂ ಓದಲಿ.

ನನ್ನ ಊರು ಚನ್ನಗಿರಿ. ಅಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಸೋದರಮಾವನ ನೆರಳಿನಲ್ಲಿ ಜಗಳೂರಿಗೆ ಬಂದು ರೇಡಿಯೋ ಕೆಲಸ ಕಲಿತು ಅಂಗಡಿ ತೆರೆದೆ. ಹೈಸ್ಕೂಲಿನಲ್ಲಿ ನೂರು ಮೀಟರ್ ಓಡುತ್ತಿದ್ದೆ. ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು, ಈ ತುದಿಗೊಬ್ಬರು ಮೇಷ್ಟ್ರು, ಆ ತುದಿಗೊಂದು ಹಗ್ಗ. ನನಗೆ ಗೊತ್ತಿದ್ದ ಓಟ ಅಷ್ಟೇ — ನೇರ ಓಟ. ಮುಂದಿದ್ದವನು ಮುಂದೆ, ಹಿಂದಿದ್ದವನು ಹಿಂದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ... ಮುಂದೆ ಗೊತ್ತಾಗುತ್ತದೆ.

ನೀನು ಮೊದಲ ಸಲ ಅಂಗಡಿಗೆ ಬಂದಾಗ ಕಂಬಳಿಯ ಗಂಟಿನಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಕುರಿ ಕಾಯುವಾಗ ಬೀಳಿಸಿಕೊಂಡು ಅದು ಮೂಕವಾಗಿತ್ತು. "ಇದು ಮಾತಾಡ್ಲಿಲ್ಲ ಅಂದ್ರೆ ಕುರಿ ಮೇಯಾಂಗಿಲ್ಲಣ್ಣ," ಎಂದೆ. ನಾನು ನಕ್ಕೆ. ಬಿಳಿಚೋಡಿನಿಂದ ಯಾವ ಬಸ್ಸಿಗೆ ಬಂದೆಯೆಂದು ಕೇಳಿದರೆ, "ಬಸ್ಸು ಹಿಂದೆ ಬರ್ತಾ ಐತೆ," ಎಂದೆ ನೀನು. ಅದು ಜಂಬದ ಮಾತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಸ್ಸು ಬಂತು, ಕಂಡಕ್ಟರ್ ಇಳಿದವನೇ ನಿನ್ನನ್ನು ನೋಡಿ, "ಇವ್ನಿಗೊಂದು ಟಿಕೀಟು ಹರಿದು ಕೊಡ್ಬೇಕು ಕಣ್ರೀ, ದಾರಿಯುದ್ದಕ್ಕೂ ನಮ್ಮ ಬಸ್ಸಿನ ಮುಂದೇನೇ ಅದಾನೆ!" ಎಂದು ಬೈದ. ಆವತ್ತಿನಿಂದ ನೀನು ನನ್ನ ತಮ್ಮನಾದೆ. ನನಗೆ ಒಡಹುಟ್ಟಿದವರು ಇರಲಿಲ್ಲ. ಗಿರಿಜಾ ನನ್ನನ್ನು ಮದುವೆಯಾಗಿ ಬಂದ ಮೇಲೆ ನೀನು ಅವಳನ್ನು ಅತ್ತಿಗೆ ಎಂದು ಕರೆದೆ, ಅವಳ ಕೈಯ ರೊಟ್ಟಿಗೆ ಹೆಸರಿಟ್ಟು ಬೈಸಿಕೊಂಡು ತಿಂದೆ.

ಆಮೇಲೆ ನೀನು ಸೈನ್ಯಕ್ಕೆ ಸೇರಿದೆ. ಅಲ್ಲಿನವರು ನಿನ್ನ ಕಾಲನ್ನು ಗುರುತಿಸಿದರು. ರಜೆಗೆ ಬಂದಾಗಲೆಲ್ಲ ಅಂಗಡಿಯ ಬೆಂಚಿನ ಮೇಲೆ ಕೂತು ಟ್ರ್ಯಾಕಿನ ಸಂಗತಿ ಹೇಳುತ್ತಿದ್ದೆ — ಮುಳ್ಳಿನ ಬೂಟು, ಒಳಗಿನ ಗೆರೆ, ಆ ಗೆರೆ ದಾಟಿ ಒಳಗೆ ಕಾಲಿಟ್ಟರೆ ಹೆಸರು ಹೊಡೆದುಹಾಕುತ್ತಾರೆ ಎನ್ನುವ ಕಾನೂನು. ನಾನು ತಂತಿ ಬೆಸೆಯುತ್ತ ಹೂಂಗುಟ್ಟುತ್ತಿದ್ದೆ. ನೀನು ಕಲಿಸಿದ ಆ ಕಾನೂನನ್ನೇ ಮುಂದೊಂದು ದಿನ ನಿನ್ನ ಮೇಲೆ ಎತ್ತುತ್ತೇನೆಂದು...

ದೆಹಲಿಯ ಕೂಟಕ್ಕೆ ಹತ್ತು ಸಾವಿರ ಮೀಟರ್ ಓಟದಲ್ಲಿ ನಿನ್ನ ಹೆಸರು ಬಂತು. ಹೋಗುವ ಮುಂಚೆ ಒಂದೇ ಒಂದು ಕೆಲಸ ನನಗೆ ಒಪ್ಪಿಸಿದೆ. "ಅಣ್ಣಾ, ಅವತ್ತು ಅವ್ವನ್ನ ಅಂಗ್ಡಿಗೆ ಕರೆಸ್ಕೋ. ರೇಡಿಯೋದಾಗೆ ನನ್ನ ಹೆಸ್ರು ಬಂದ್ರೂ ಬರ್ತೈತೆ. ಅವ್ರು ಹಿಂದಿ ಇಂಗ್ಲೀಷ್ನಾಗೆ ಹೇಳ್ತಾರೆ. ಏನಾತು ಅಂತ ನೀನು ಅವಳಿಗೆ ಬಿಡಿಸಿ ಹೇಳ್ಬೇಕು." ನಾನು, ನಿನಗೆ ಅಷ್ಟೂ ಮಾಡದಿರುತ್ತೇನೆಯೇ ಎಂದೆ.

ಆ ಸಂಜೆ ರೇಡಿಯೋಗೆ ಮೈಕ್ ಸೆಟ್ ಜೋಡಿಸಿ ಹಾರ್ನನ್ನು ಅಂಗಡಿಯ ಮೇಲಕ್ಕೆ ಕಟ್ಟಿದ್ದೆ. ಹಮಾಲಿಗಳು, ಬಸ್ಸಿನವರು, ಸಂತೆಗೆ ಬಂದವರು ಎಲ್ಲ ಸೇರಿದರು. ನಿನ್ನ ತಾಯಿ ಮಾರಕ್ಕನನ್ನು ಬೆಂಚಿನ ಮೇಲೆ ಕೂರಿಸಲು ನೋಡಿದೆ. ಅವಳು ಒಪ್ಪಲಿಲ್ಲ, ರೇಡಿಯೋದ ಪಕ್ಕದಲ್ಲಿ ನೆಲದ ಮೇಲೇ ಕೂತಳು. "ಅವನಿಗೆ ನೀರು ಕೊಡ್ತಾರೇನು, ಒಂದ್ಮಾತು ಕೇಳಪ್ಪಾ," ಎಂದಳು. ಹಮಾಲಿ ಬಸಣ್ಣ, "ಯಮ್ಮಾ, ಅದು ಹೇಳ್ತೈತೆ ಅಷ್ಟೇ, ಕೇಳಿಸ್ಕೊಳ್ಳಾಂಗಿಲ್ಲ. ನಮ್ಮನೆಯಾಕಿ ಇದ್ದಂಗೆ," ಎಂದ. ಎಲ್ಲರೂ ನಕ್ಕರು, ಮಾರಕ್ಕನೂ ನಕ್ಕಳು.

ಓಟ ಶುರುವಾಯಿತು. ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷು. ಹಿಂದಿ ನನಗೆ ಬರದು. ಇಂಗ್ಲಿಷು — ಪುಸ್ತಕದಲ್ಲಿ ಓದಿದರೆ ಅರ್ಥವಾಗುತ್ತಿತ್ತು, ಹಾಗೆ ಬಾಯಲ್ಲಿ ಉರುಳಿಸಿಕೊಂಡು ಹೋದರೆ ಅಲ್ಲೊಂದು ಇಲ್ಲೊಂದು. ಆದರೆ ಅದನ್ನು ಯಾರಿಗೆ ಹೇಳಲಿ? ಜಗಳೂರಿನವರ ಪಾಲಿಗೆ ನಾನು ಲಂಡನ್ ಸ್ಟೇಷನ್ನನ್ನೂ ಹಿಡಿಯುವವನು. ತಲೆ ಅಲ್ಲಾಡಿಸುತ್ತ ಕೂತೆ.

"ಏ ರುದ್ರಣ್ಣ, ಅವ್ನು ಅಷ್ಟು ಬಡ್ಕೊಂತಾನೆ, ನೀನು ಕೋಲೆಬಸವನಂಗೆ ತಲೆ ಅಲ್ಲಾಡಿಸ್ತೀಯಲ್ಲಪ್ಪಾ!" ಎಂದ ಬಸಣ್ಣ.

"ತಡಿಯಲೇ. ಇಂಗ್ಲೀಷು ಒಳಗೋಗಿ ಕನ್ನಡ ಆಗಿ ಬರಾಕೆ ಟೈಮ್ ಬೇಕು."

ಆಗ ನಿನ್ನ ಹೆಸರು ಬಂತು. ಉತ್ತರದವರ ನಾಲಿಗೆಯಲ್ಲಿ ಎಳೆದು ಎಳೆದು — ಆದರೂ ನಿನ್ನದೇ. ರೇಡಿಯೋದವನು ಮುಂಚೂಣಿಯಲ್ಲಿದ್ದ ಇಬ್ಬರ ಹೆಸರು ಹೇಳಿ, ಅವರ ಮುಂದೆ ಈಗ ಅಂಜಿನಪ್ಪ ಇದ್ದಾನೆ, ಅವರು ಅವನ ಹತ್ತಿರ ಬರುತ್ತಿದ್ದಾರೆ ಎಂದ. ಇಷ್ಟು ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಎದ್ದು ನಿಂತು ಕೂಗಿದೆ: "ನಮ್ಮ ಅಂಜಿನಿ ಎಲ್ಲರಿಗಿಂತ ಮುಂದೆ ಅದಾನ್ರಪ್ಪೋ!"

ದುಂಡನೆಯ ಟ್ರ್ಯಾಕಿನಲ್ಲಿ ಇಪ್ಪತ್ತೈದು ಸುತ್ತಿನ ಓಟ ಅದು. ಒಂದು ಇಡೀ ಸುತ್ತು ಹಿಂದೆ ಬಿದ್ದವನು, ಮೊದಲನೆಯವನ ಕಣ್ಣಿಗೆ ಮುಂದೆಯೇ ಕಾಣುತ್ತಾನೆ. ಅವರು ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿರಲಿಲ್ಲ, ಒಂದು ಸುತ್ತು ಹಿಂದೆ ಹಾಕಿ ದಾಟಿಹೋಗಲು ಬರುತ್ತಿದ್ದರು. ನೂರು ಮೀಟರ್ ಓಡಿದ ನನ್ನ ತಲೆಗೆ ಅದು ಹೊಳೆಯಲಿಲ್ಲ. ಅಲ್ಲಿ ಸೇರಿದ್ದ ಯಾರಿಗೂ ಹೊಳೆಯುವಂತಿರಲಿಲ್ಲ. ಮುಂದೆ ಎಂದರೆ ಮುಂದೆ. ಶಿಳ್ಳೆ, ಕೇಕೆ. ಬಸಣ್ಣ ಗೋಣಿಚೀಲ ಬೀಸುತ್ತ ಕುಣಿದ. ಇಲ್ಲಿಯವರೆಗೆ ನಡೆದದ್ದು ತಿಳಿಯದೆ ಆದದ್ದು.

ಮೊದಲನೆಯವನು ಮುಗಿಸಿದ. ಎರಡನೆಯವನು, ಮೂರನೆಯವನು. ನಿನ್ನ ಹೆಸರಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಿನ್ನ ಹೆಸರು, ಜೊತೆಗೆ ಹಾರ್ನ್ ಒಡೆದುಹೋಗುವಂಥ ಚಪ್ಪಾಳೆ. ಅವನು ನಿಧಾನವಾಗಿ ಹೇಳಿದ್ದರಿಂದ ಈ ಸಲ ಎಲ್ಲವೂ ಅರ್ಥವಾಯಿತು: ಈ ಓಟಗಾರನ ಬೂಟು ನಡುವೆ ಕಿತ್ತುಹೋಗಿತ್ತು, ಬರಿಗಾಲಿನಲ್ಲಿ ಓಡಿದ್ದಾನೆ, ಕೊನೆಯವನಾಗಿ ಈಗ ಗುರಿ ಮುಟ್ಟುತ್ತಿದ್ದಾನೆ, ಇಡೀ ಸ್ಟೇಡಿಯಂ ಎದ್ದು ನಿಂತಿದೆ.

ಹಾರ್ನಿನ ಕೆಳಗೆ ಎಲ್ಲರೂ ನನ್ನ ಬಾಯಿ ನೋಡಿದರು. ಮಾರಕ್ಕ ನನ್ನ ಪಂಚೆಯ ಅಂಚು ಹಿಡಿದು ಕೇಳಿದಳು: "ಮುಟ್ಟಿದ್ನೇನಪ್ಪಾ ನನ್ನ ಮಗ?"

ಅವಳು ಕೇಳಿದ್ದು ಅಷ್ಟೇ. ಪದಕವನ್ನು ಕೇಳಲಿಲ್ಲ. ಹೌದು ಎಂದಿದ್ದರೆ ಅದು ನಿಜವೇ ಆಗುತ್ತಿತ್ತು. ಆದರೆ ನಾನು ಅವಳ ಹಿಂದೆ ನಿಂತವರ ಮುಖಗಳನ್ನು ನೋಡಿದೆ — ಎಲ್ಲರಿಗಿಂತ ಮುಂದೆ ಎಂದು ಕೂಗಿದವನು ನಾನಲ್ಲವೇ — "ಮೂರನೇದು! ನಮ್ಮ ಅಂಜಿನಿಗೆ ಮೂರನೇದು! ಕಂಚಿನ ಪದಕ!" ಎಂದೆ.

ಆಮೇಲಿನ ಗದ್ದಲ ಬೇಡ. ಜನ ಕರಗಿದ ಮೇಲೆ ಗಿರಿಜಾ ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಮಾರಕ್ಕನ ಬಸ್ಸು ಬಿಡೋದ್ರಾಗೆ ಹೋಗಿ ಹೇಳಿಬಿಡ್ರಿ. ನಾಳೆ ಹೇಳಾಕೆ ಇನ್ನೂ ಕಷ್ಟ ಆಗ್ತೈತೆ," ಎಂದಳು. ರಸ್ತೆಯ ಆಚೆ ಬಸ್ಸು ನಿಂತಿತ್ತು. ಕಿಟಕಿಯಲ್ಲಿ ನಿನ್ನ ತಾಯಿ ಪಕ್ಕದವಳಿಗೆ ಏನೋ ಹೇಳಿ ನಗುತ್ತಿದ್ದಳು. ನಾನು ಹೋಗಲಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಪೇಪರ್ ಬಂತು. ಹೋಟೆಲಿನ ಶಿವಣ್ಣ ಅದನ್ನು ಹಿಡಿದುಕೊಂಡೇ ಬಂದ, ಬೆನ್ನ ಹಿಂದೆ ನಾಲ್ಕಾರು ಜನ. "ರುದ್ರಣ್ಣ, ಮೂರು ಹೆಸ್ರು ಹಾಕ್ಯಾರೆ. ನಮ್ಮೋನ್ದು ಇಲ್ಲೇ ಇಲ್ಲವಲ್ರೀ?" ಆಗಲೂ ದಾರಿ ಇತ್ತು. ನನಗೆ ಇಂಗ್ಲಿಷು ಅಷ್ಟಾಗಿ ಬರದು, ತಪ್ಪು ತಿಳಿದೆ — ಇಷ್ಟು ಸಾಕಿತ್ತು. ಎರಡು ದಿನ ನಗುತ್ತಿದ್ದರು, ಅಷ್ಟೇ. ನನ್ನ ಬಾಯಲ್ಲಿ ಬಂದದ್ದು ಬೇರೆ: "ನೀವು ಬೆಳಿಗ್ಗೆ ವಾರ್ತೆ ಕೇಳ್ಲಿಲ್ಲೇನು? ಒಳಗಿನ ಗೆರೆ ತುಳಿದಿದ್ದನಂತೆ. ಹೆಸರು ತೆಗೆದುಹಾಕಿದರು, ಪದಕಾನೂ ಹೋಯ್ತು."

ಶಿವಣ್ಣ ಪೇಪರ್ ಮಡಚಿಕೊಂಡು, "ಥೂ, ಅಷ್ಟು ದೂರ ಹೋಗಿ ಇಂಥ ಕೆಲಸ ಮಾಡ್ದನಾ," ಎಂದ. ನನ್ನ ಮಾನ ಉಳಿಯಿತು. ಹಿಂದಿನ ಸಂಜೆಯ ಸುಳ್ಳಿಗೆ ನಿನ್ನ ಮೇಲಿನ ಪ್ರೀತಿಯೂ ಒಂದಿಷ್ಟು ಸೇರಿತ್ತೋ ಏನೋ. ಇದಕ್ಕೆ ಏನೂ ಸೇರಿರಲಿಲ್ಲ. ಇದು ಬರೀ ನನಗಾಗಿ.

ನೀನು ರಜೆಗೆ ಬಂದೆ. ಕಾಲಿಗೆ ಇನ್ನೂ ಬಟ್ಟೆ ಸುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ, "ಗೆರೆ ನೋಡ್ಕೊಂಡು ಇಳಿಯಪ್ಪೋ ಅಂಜಿನಿ," ಎಂದದ್ದು ನನಗೂ ಕೇಳಿಸಿತು. ನೀನು ನೇರ ಅಂಗಡಿಗೆ ಬಂದೆ.

"ಅಣ್ಣಾ, ಇವ್ರೆಲ್ಲ ಏನಂತಾ ಅದಾರೆ? ನಾನ್ಯಾವ ಗೆರೆ ತುಳ್ದೆ?"

"ರೇಡಿಯೋದಾಗೆ ಹಂಗಂದ್ರಪ್ಪ," ಎಂದೆ.

ನಿನ್ನ ಕಣ್ಣನ್ನು ನೋಡದೆ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡುತ್ತ ಹೇಳಿದೆ. ನೀನು ಬೆಂಚಿನ ಮೇಲೆ ಕೂತು ಕಾಲಿನ ಬಟ್ಟೆ ಬಿಗಿದುಕೊಂಡೆ. ಆಮೇಲೆ, "ಅವ್ವ ನನ್ನ ಹೆಸ್ರು ಕೇಳಿದ್ಲಾ?" ಎಂದೆ. ಕೇಳಿದಳು ಎಂದೆ ನಾನು. "ಬಿಡು ಹಂಗಾದ್ರೆ," ಎಂದು ನಕ್ಕು, ನೀನು ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ ಅತ್ತಿಗೆಯನ್ನು ಕಾಫಿ ಕೇಳಿದೆ. ಅವಳು ಲೋಟ ಕೊಟ್ಟು ಹಿತ್ತಲಿಗೆ ಹೋಗಿ ಅತ್ತಳು. ನಿನಗೆ ಆಗಲೇ ಗೊತ್ತಾಯಿತೇ? ಇವತ್ತಿಗೂ ನನಗೆ ತಿಳಿಯದು. ಕೇಳುವ ಧೈರ್ಯ ಬಂದಿಲ್ಲ. ಮೂರನೆಯದೂ ಬರಲಿಲ್ಲ, ಗೆರೆಯನ್ನೂ ತುಳಿಯಲಿಲ್ಲ ಎಂದು ನೀನು ಒಬ್ಬಿಬ್ಬರಿಗೆ ಹೇಳಿ ನೋಡಿದೆ. ನಾಚಿಕೆಗೆ ಹಾಗಂತಾನೆ ಎಂದರು. ತನ್ನ ಮಗನ ಪದಕ ದೆಹಲಿಯವರು ಕಿತ್ತುಕೊಂಡರೆಂದು ಮಾರಕ್ಕ ಊರೆಲ್ಲ ಜಗಳವಾಡುತ್ತಿದ್ದಳು. ಅವಳ ಎದುರಿಗೆ ನೀನು ಆ ಮಾತನ್ನೇ ಬಿಟ್ಟೆ.

ಇನ್ನೂ ಒಂದಿದೆ. ಇದನ್ನು ಬರೆಯಲು ನಿನ್ನೆಯಿಂದ ಕೈ ಏಳುತ್ತಿಲ್ಲ.

ಸೈನ್ಯ ಬಿಟ್ಟು ಬಂದ ಮೇಲೆ ನೀನು ಹೈಸ್ಕೂಲ್ ಸಮಿತಿಯವರ ಹತ್ತಿರ ಹೋಗಿ, ಸಂಜೆ ಹೊತ್ತು ಮಕ್ಕಳಿಗೆ ಓಟ ಕಲಿಸುತ್ತೇನೆ, ಏನೂ ಕೊಡಬೇಡಿ ಎಂದೆ. ಆ ಸಭೆಯಲ್ಲಿ ನಾನೂ ಕೂತಿದ್ದೆ. ಮೈಕ್ ಸೆಟ್ ಒದಗಿಸುತ್ತಿದ್ದೆನೆಂದು ನನ್ನನ್ನೂ ಸದಸ್ಯನನ್ನಾಗಿ ಮಾಡಿಕೊಂಡಿದ್ದರು. ನಿನ್ನನ್ನು ಹೊರಗೆ ಕೂರಿಸಿ ಮಾತಾಡಿದರು. "ಗೆರೆ ತುಳಿದೋನು ಹುಡುಗ್ರಿಗೆ ಏನು ಕಲಿಸ್ತಾನ್ರೀ?" ಎಂದು ಒಬ್ಬರು ಅಂದರು. ಉಳಿದವರು ನನ್ನ ಕಡೆ ತಿರುಗಿದರು — ನಿನ್ನ ಅಣ್ಣನೆಂದು, ನಾನೇನಾದರೂ ಹೇಳಲಿ ಎಂದು. ನಾನು ಲೋಟದಲ್ಲಿ ಉಳಿದ ಟೀ ಕುಡಿದೆ.

ಹೊರಗೆ ಬಂದಾಗ ನೀನು ಬೇವಿನ ಮರದ ಕೆಳಗೆ ನಿಂತಿದ್ದೆ. "ಬ್ಯಾಡ ಅಂದ್ರೇನಣ್ಣಾ?" ಎಂದೆ. ಹೌದೆಂದು ನಾನು ತಲೆ ಅಲ್ಲಾಡಿಸಿದೆ. "ಹೋಗ್ಲಿ, ಕುರಿ ಆದ್ರೂ ನನ್ನ ಮಾತು ಕೇಳ್ತಾವೆ," ಎಂದು ಮೈಕ್ ಸೆಟ್ಟಿನ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಡಿಯವರೆಗೂ ಹೊತ್ತುಕೊಂಡು ಬಂದೆ.

ಟಿ.ವಿ. ಬಂದು ರೇಡಿಯೋ ಕೆಲಸ ಕಡಿಮೆಯಾದಾಗ ಅಂಗಡಿ ಮುಚ್ಚಿ ಗಿರಿಜಾಳ ತವರು ನ್ಯಾಮತಿಗೆ ಬಂದೆವು. ಜಗಳೂರು ಕಣ್ಣಿಂದ ಮರೆಯಾದರೆ ಇದೂ ಮರೆಯಾಗುತ್ತದೆ ಎಂದುಕೊಂಡಿದ್ದೆ. ಗಿರಿಜಾ ತೀರಿಹೋದಾಗ ಬಿಳಿಚೋಡಿನಿಂದ ಮೊದಲು ಬಂದವನು ನೀನು. ಸೌದೆ ಹೊಂದಿಸಿದೆ, ನನಗೆ ಸ್ನಾನ ಮಾಡಿಸಿದೆ, ತಿನ್ನುವುದಿಲ್ಲ ಎಂದಾಗ ಗದರಿಸಿ ತಿನ್ನಿಸಿದೆ. ಆಗಲೂ ಹೇಳಬಹುದಿತ್ತು. ಅವಳು ಕೊನೆಯ ದಿನಗಳಲ್ಲಿ ನನ್ನಿಂದ ಕೇಳಿದ್ದು ಅದೊಂದನ್ನೇ, "ಅಂಜಿನಿಗೆ ಹೇಳಿದ್ರಾ?" ಎಂದು. ಹೇಳಿದೆ ಎಂದು ಅವಳಿಗೂ ಸುಳ್ಳು ಹೇಳಿದ್ದೆ.

ಚಿಕ್ಕ ವಯಸ್ಸಿನಲ್ಲಿ ಹಾಗಾಯಿತು, ಬಡತನವಿತ್ತು ಎಂದೆಲ್ಲ ಬರೆಯಬಹುದು. ಹೊಟ್ಟೆಗೆ ಕಡಿಮೆ ಇರಲಿಲ್ಲ, ತಿಳಿವಳಿಕೆಯೂ ಇತ್ತು. ನೀನು ಬರಿಗಾಲಿನಲ್ಲಿ ಓಡಿ ಮುಗಿಸಿದ ಓಟವೊಂದಿತ್ತು. ಅದನ್ನು ಯಾರೂ ನೋಡದಂತೆ ಮುಚ್ಚಿ, ಅದರ ಮೇಲೆ ಇಲ್ಲದ ಪದಕವನ್ನೂ ಇಲ್ಲದ ಕಳಂಕವನ್ನೂ ಇಟ್ಟೆ. ಎಷ್ಟು ಮಕ್ಕಳು ನಿನ್ನಿಂದ ಓಟ ಕಲಿಯಬೇಕಿತ್ತೋ...

ಈ ವಾರ ಜಗಳೂರಿಗೆ ಬರುತ್ತಿದ್ದೇನೆ. ಆ ಸಭೆಯಲ್ಲಿ ಕೂತಿದ್ದವರಲ್ಲಿ ಒಬ್ಬಿಬ್ಬರು ಇನ್ನೂ ಇದ್ದಾರಂತೆ. ಅವರ ಮನೆಗಳಿಗೆ ಹೋಗುತ್ತೇನೆ. ಶಿವಣ್ಣನ ಮಗ ಹೋಟೆಲ್ ನಡೆಸುತ್ತಿದ್ದಾನಂತೆ, ಅಲ್ಲಿಯೂ ಎದ್ದು ನಿಂತು ಹೇಳುತ್ತೇನೆ. ನಕ್ಕರೆ ನಗಲಿ, ಉಗಿದರೆ ಉಗಿಯಲಿ. ಆಮೇಲೆ ಬಿಳಿಚೋಡಿಗೆ, ನಿನ್ನ ಮನೆಗೆ. ಅಲ್ಲಿಯವರೆಗೆ ನೀನು ಜಗಳೂರಿಗೆ ಬರಬೇಡ ಅಂಜಿನಿ. ಬಂದರೆ, "ಹೋಗ್ಲಿ ಬಿಡಣ್ಣಾ," ಎಂದು ನನ್ನ ಕೈ ಹಿಡಿದುಕೊಳ್ಳುತ್ತೀ. ನೀನು ಹಾಗಂದರೆ ನಾನು ಬಿಟ್ಟೇಬಿಡುತ್ತೇನೆ.