ನೀಲಿ ಹೂವಿನ ಕಾರು

ನಮ್ಮ ಬೀದಿಯ ಡ್ರೈವಿಂಗ್ ಮೇಡಂ ಅಂದರೆ ಜೋರಿನ ಹೆಂಗಸು. ಕಲಿಯುವವರ ಪಕ್ಕದಲ್ಲಿ ಕೂತು, "ನಿಧಾನ, ನಿಧಾನ" ಎಂದು ಗದರುತ್ತಲೇ ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದವರು. ಅಂಥವರು ಬಲ್ಬು ಬದಲಿಸಲು ಸ್ಟೂಲು ಹತ್ತಿ, ದೊಪ್ಪನೆ ಬಿದ್ದು ಕಾಲು ಮುರಿದುಕೊಂಡರು. ಕಾರು ಮನೆಯ ಹಿಂದಿನ ಶೆಡ್ಡು ಸೇರಿತು, ಮೇಡಂ ಮಂಚ ಸೇರಿದರು.

ನೋಡಿಕೊಳ್ಳಲು ನಾದಿನಿ ಬಂದಳು. ಅವಳ ಚೀಲದಿಂದ ಮೊದಲು ಹೊರಬಂದದ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಬಳ್ಳಿಯ ತುಂಡು. ನೀಲಿ ಗಂಟೆಯಂಥ ಹೂ ಬಿಡುತ್ತದೆ, ಮಲಗಿದಲ್ಲಿಂದಲೇ ನೋಡಿದರೆ ಅತ್ತಿಗೆಗೆ ಬೇಜಾರು ಕಳೆಯುತ್ತದೆ ಎಂದು ಕಿಟಕಿಯೆದುರಿನ ಕಾಂಪೌಂಡಿನ ಬುಡದಲ್ಲಿ ನೆಟ್ಟಳು. ಅದರ ಹೆಸರು ಅವಳಿಗೂ ಗೊತ್ತಿರಲಿಲ್ಲ.

ಸ್ವಲ್ಪ ದಿನ ಅದು ಸತ್ತಂತೆ ಬಿದ್ದಿತ್ತು. ಆಮೇಲೆ ಅದಕ್ಕೇನು ಹುಚ್ಚು ಹಿಡಿಯಿತೋ! ಗೇಟು ಹತ್ತಿತು, ಅಲ್ಲಿಂದ ಬಟ್ಟೆ ಒಣಗಿಸುವ ತಂತಿಗೆ ದಾಟಿತು, ಮೇಡಂ ಗಂಡನ ಅಂಗಿಯ ತೋಳಿನೊಳಗೆ ನುಗ್ಗಿ ಕಾಲರಿನಿಂದ ಹೊರಬಂತು. ಟೊಮೆಟೊ ಗಿಡಗಳನ್ನು ನುಂಗಿ ನೀರು ಕುಡಿಯಿತು. ಗೋಡೆಗೆ ಒರಗಿಸಿ ಮರೆತ ಪೊರಕೆಯನ್ನು ಬಿಡಿಸಿಕೊಳ್ಳಲು ಕತ್ತರಿ ಬೇಕಾಯಿತು. ಗಂಡ ಆಫೀಸಿನಿಂದ ಬಂದವರೇ ಕತ್ತರಿಸಿ ಹಿತ್ತಲಲ್ಲಿ ರಾಶಿ ಹಾಕುತ್ತಿದ್ದರು. ಆ ರಾಶಿಯೇ ಬೇರು ಬಿಡುತ್ತಿತ್ತು. ಮೇಡಂ ಮಂಚದ ಮೇಲಿಂದ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಜನ್ಮವೆಲ್ಲ ಕಂಡವರನ್ನು ತಡೆತಡೆದೇ ಕಳೆದವರಿಗೆ, ಯಾರ ಮಾತೂ ಕೇಳದೆ ಓಡುವ ಜೀವವೊಂದು ಕಣ್ಣೆದುರಿಗಿದ್ದದ್ದು ಅದೇನೋ ಖುಷಿ.

"ಬಿಡ್ರೀ, ಅದರ ಪಾಡಿಗೆ ಅದು ಹೋಗ್ಲಿ," ಎಂದುಬಿಟ್ಟರು ಗಂಡನಿಗೆ.

ಕಾಲು ಸರಿಹೋದ ಮೇಲೆ ಮೇಡಂಗೆ ಬಂದ ಮೊದಲ ಕೆಲಸ ನಮ್ಮ ಬೀದಿಯ ಬೇಕರಿಯವರದು. ನೋಡಲು ಆನೆಯಂಥ ಆಳು, ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಲೈಸೆನ್ಸಿನ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ, ಇನ್ನೊಮ್ಮೆ ಪರೀಕ್ಷೆಗೆ ಹೊರಟಿದ್ದರು. ಬೆಳಿಗ್ಗೆ ಎಲ್ಲರೂ ಶೆಡ್ಡಿಗೆ ಹೋಗಿ ನೋಡಿದರೆ ಕಾರೇ ಇಲ್ಲ. ಅಲ್ಲೊಂದು ನೀಲಿ ಹೂವಿನ ಗುಡ್ಡವಿತ್ತು.

ಹೊತ್ತು ಮೀರುತ್ತಿತ್ತು. ಗಾಜು, ಬಾಗಿಲು, ದೀಪ, ಚಕ್ರ ಇಷ್ಟನ್ನು ಮಾತ್ರ ಬಿಡಿಸಿದರು; ಟಾಪಿನ ಮೇಲಿನದನ್ನು ಮುಟ್ಟಲು ಪುರುಸೊತ್ತಿರಲಿಲ್ಲ. ಬ್ಯಾಟರಿ ಸತ್ತಿತ್ತು. ಬೇಕರಿಯವರು, ಗಂಡ, ನಾದಿನಿ ಮೂವರೂ ಏದುಸಿರು ಬಿಡುತ್ತ ತಳ್ಳಿದ ಮೇಲೆ ಕಾರು ಕೆಮ್ಮಿ ಹೊರಟಿತು. ಹಿಂದೆ ಮಾರುದ್ದದ ಬಳ್ಳಿಯ ಬಾಲ, ಆ ಬಾಲಕ್ಕೆ ಸಿಕ್ಕಿಕೊಂಡು ಗಂಡನ ಅಂಗಿ. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತು. ಮದುವೆ ಯಾರದೆಂದು ಒಬ್ಬರು ಕೇಳಿದ್ದೇ ತಡ, ಬೇಕರಿಯವರಿಗೆ ನಗು ಶುರುವಾಯಿತು.

ಪರೀಕ್ಷೆಯ ಮೈದಾನದಲ್ಲಿ ಇನ್‌ಸ್ಪೆಕ್ಟರು ಕಾರನ್ನು ಒಂದು ಸುತ್ತು ಹಾಕಿ ನೋಡಿದರು.

"ಏನಮ್ಮ ಇದು?"

"ಬಳ್ಳಿ, ಸಾರ್. ನಿಲ್ಸಕ್ಕೆ ಆಗ್ಲಿಲ್ಲ," ಎಂದರು ಮೇಡಂ.

ಬಾಲವನ್ನು ಕತ್ತರಿಸಲು ಹೇಳಿ, ಗಾಜು, ನಂಬರ್ ಪ್ಲೇಟು ಕಾಣುತ್ತವಲ್ಲ ಎಂದುಕೊಂಡು ಇನ್‌ಸ್ಪೆಕ್ಟರು ಮುಖ ಗಂಟು ಹಾಕಿಕೊಂಡೇ ಹತ್ತಿದರು. ಮೇಡಂ ಹಿಂದೆ ಕೂತರು. ಕಾರು ಹಿಂದಕ್ಕೆ ಹೋಗುವಾಗ ಕಿಟಕಿಯಿಂದ ಒಂದು ಕುಡಿ ಜೋತು ಇನ್‌ಸ್ಪೆಕ್ಟರ ಕಿವಿಗೆ ಕಚಗುಳಿ ಇಟ್ಟಿತು. ತಳ್ಳಿದರು, ಮತ್ತೆ ಬಂತು. ಮತ್ತೆ ತಳ್ಳಿದರು, ಈ ಸಲ ಕುಡಿ ಮೂಗಿಗೇ ಬಂತು. ಕೊನೆಗೆ ಅವರೂ ಕಿಸಕ್ಕನೆ ನಕ್ಕುಬಿಟ್ಟರು. ಅಲ್ಲಿಗೆ ಬೇಕರಿಯವರ ಭಯ ಎಲ್ಲಿ ಹೋಯಿತೋ. ನಗುತ್ತಲೇ ಕಾರನ್ನು ರಸ್ತೆಗೆ ತಂದರು, ಎದುರಿಗೆ ಬಂದ ಲಾರಿಗೆ ಕಣ್ಣು ಬಿಟ್ಟುಕೊಂಡೇ ದಾರಿ ಕೊಟ್ಟರು, ಹೇಳಿದ ಜಾಗದಲ್ಲಿ ತಂದು ನಿಲ್ಲಿಸಿದರು.

ಪಾಸು! ಬೇಕರಿಯವರು ಮೈದಾನದಲ್ಲಿ ಮಗುವಿನ ಹಾಗೆ ಕುಣಿದರು. ಮೇಡಂ ಹೊಸ ಕಾಲು ಬಂದವರಂತೆ ಜೊತೆಗೆ ಎರಡು ಹೆಜ್ಜೆ ಹಾಕಿದರು. ಇನ್‌ಸ್ಪೆಕ್ಟರು ಮಾತ್ರ ಅತ್ತಿತ್ತ ನೋಡಿ, ಮನೆಯವರಿಗೆ ಹೂವೆಂದರೆ ಇಷ್ಟ, ಒಂದು ತುಂಡು ಸಿಗಬಹುದೇ ಎಂದು ಮೆಲ್ಲಗೆ ಕೇಳಿದರು. ಆಮೇಲೆ ಅವರ ಮನೆ ಏನಾಯಿತೋ ನಮಗೆ ಗೊತ್ತಿಲ್ಲ.

ಈಗ ಬಳ್ಳಿಗೆ ಒಂದು ಗೋಡೆ ಬಿಟ್ಟುಕೊಟ್ಟಿದ್ದಾರೆ. ಅದನ್ನು ದಾಟಿದ್ದನ್ನೆಲ್ಲ ನಾದಿನಿ ದಿನಾ ಸಂಜೆ ಕತ್ತರಿಸಿ, ಬೇಕರಿಯ ಒಲೆಗಾಗಲೆಂದು ಅಲ್ಲಿನ ತಾರಸಿಯಲ್ಲಿ ಒಣಗಲು ಕಳಿಸುತ್ತಾಳೆ. ಅತ್ತಿಗೆ ಎದ್ದು ಓಡಾಡಿದರೂ ಅವಳು ಊರಿಗೆ ಹೊರಟಿಲ್ಲ. ಯಾವಾಗ ಹೊರಡುವುದು ಎಂದು ಅಣ್ಣ ಕೇಳಿದರೆ, ಹೂ ಬಿಡುವುದು ಮುಗಿಯಲಿ ಎನ್ನುತ್ತಾಳೆ. ಅದೋ, ವರ್ಷವಿಡೀ ಬಿಡುತ್ತಲೇ ಇದೆ.