ನಿಂಗಪ್ಪನ ವಸ್ತಿ

ಹೋದ ರವಿವಾರ ಬ್ಯಾಡಗಿಗೆ, ತವರುಮನೆಗೆ ಹೋಗಿದ್ದೆ. ಅವ್ವ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಳು. ಗುಬ್ಬಿಗಳು ಬಾಯಿ ಹಾಕಬಾರದೆಂದು ಸುತ್ತಲೂ ಕೋಲು ನಿಲ್ಲಿಸಿ, ದಾರ ಕಟ್ಟಿ, ಮನೆಯಲ್ಲಿದ್ದ ಹಳೆಯ ಸಿಡಿಗಳನ್ನೆಲ್ಲ ತೂಗಬಿಟ್ಟಿದ್ದಳು. ಗಾಳಿಗೆ ಅವು ತಿರುಗಿ ಬಿಸಿಲು ಮಿಂಚಿದರೆ ಗುಬ್ಬಿಗಳು ಹೆದರುತ್ತವೆ ಎಂದು ಅವಳ ನಂಬಿಕೆ. ಗುಬ್ಬಿಗಳೋ, ಅದೇ ದಾರದ ಮೇಲೆ ಸಾಲಾಗಿ ಕುಳಿತು ಜೋಕಾಲಿ ಆಡುತ್ತಿದ್ದವು. ಓಡಿಸೋಣವೆಂದು ಕೈ ಎತ್ತಿದೆ. ಅಷ್ಟರಲ್ಲಿ ಒಂದು ಸಿಡಿ ತಿರುಗಿ ನನ್ನ ಕಡೆ ಮುಖ ಮಾಡಿತು. ಅದರ ಮೇಲೆ ಮಾಸಿದ ನೀಲಿ ಶಾಯಿಯಲ್ಲಿ, ನನ್ನದೇ ಕೈಬರಹದಲ್ಲಿ, 'ಕುದುರಿ ಆಟ' ಎಂದಿತ್ತು.

ನಾನು ನಕ್ಕ ರಭಸಕ್ಕೆ ಗುಬ್ಬಿಗಳೆಲ್ಲ ಹಾರಿಹೋದವು. ಒಬ್ಬಳೇ ಮಾಳಿಗೆಯ ಮೇಲೆ ನಿಂತು ನಗುವ ಹೆಂಗಸನ್ನು ಕಂಡು ಪಕ್ಕದ ಮನೆಯವರು ಏನೆಂದುಕೊಂಡರೋ ಗೊತ್ತಿಲ್ಲ. ನೀವು ಹಾಗೆ ಅಂದುಕೊಳ್ಳಬಾರದಲ್ಲ, ಅದಕ್ಕೇ ಹೇಳುತ್ತಿದ್ದೇನೆ, ಕೇಳಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಅಪ್ಪನಿಗೆ ಮೆಣಸಿನಕಾಯಿಯ ದಲಾಲಿ ಅಂಗಡಿ. ಪೇಟೆಯಲ್ಲಿ ಎಲ್ಲರೂ ಕಂಪ್ಯೂಟರ್ ಇಡುತ್ತಿದ್ದಾರೆಂದು ಅಪ್ಪನೂ ಒಂದನ್ನು ತಂದ. ಅಂಗಡಿಯ ಗುಮಾಸ್ತರು ಅದಕ್ಕೆ ಬೆನ್ನು ತಿರುಗಿಸಿ ಕುಳಿತವರು ಮತ್ತೆ ಇತ್ತ ತಿರುಗಲೇ ಇಲ್ಲ. ಸುಗ್ಗಿಯಲ್ಲಿ ಮೆಣಸಿನಕಾಯಿಯ ಘಾಟು ಮನುಷ್ಯರನ್ನೇ ಬಿಡುವುದಿಲ್ಲ, ಇನ್ನು ಯಂತ್ರವನ್ನು ಬಿಟ್ಟೀತೇ? ಅದು ಕೆಟ್ಟು ನಿಂತಾಗ ರಾಣೆಬೆನ್ನೂರಿನಿಂದ ಬಂದ ರಿಪೇರಿಯವ ಡಬ್ಬಿಯ ಮುಚ್ಚಳ ತೆಗೆದ. ತೆಗೆದವನು ಸೀನಲು ಶುರುಮಾಡಿದ. ಚಹಾ ಕುಡಿದು ಹೋಗುವವರೆಗೂ ಸೀನುತ್ತಲೇ ಇದ್ದ. ಹಾಗೆ ಕಂಪ್ಯೂಟರು ಅಂಗಡಿ ಬಿಟ್ಟು ಮನೆಗೆ ಬಂತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನಾನೇ ಅದರ ಯಜಮಾನಿಯಾದೆ.

ಮನೆಗೆ ಬಂದ ಕಂಪ್ಯೂಟರಿಗೆ ಮೊದಲು ಅಂಗಿ ಹೊಲಿದದ್ದು ಗಿರಿಜತ್ತಿ. ಅಪ್ಪನ ತಂಗಿ, ನಮ್ಮ ಜೊತೆಯಲ್ಲೇ ಇದ್ದಳು. ಹೊಲಿಗೆಯಲ್ಲಿ ಅವಳ ಕೈ ಬಲು ನಯ. ಪರದೆಗೆ ನೆರಿಗೆ ನೆರಿಗೆಯ ಗವಸು, ಕೀಬೋರ್ಡಿಗೆ ಅದೇ ಬಟ್ಟೆಯ ಚಾದರ, ಇಲಿಗೆ, ಅಂದರೆ ಮೌಸಿಗೆ, ಕೆಂಪು ಗುಂಡಿಯ ಟೋಪಿ. ಮದುಮಗಳ ಹಾಗೆ ಕೂತಿತ್ತು ಕಂಪ್ಯೂಟರು.

ಗಿರಿಜತ್ತಿಯ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಎಂಬುದು ನಮ್ಮ ಅಜ್ಜಿ ಹಾಕಿದ ಕಟ್ಟಳೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಕಟ್ಟಳೆ ಮಾತ್ರ ಗಟ್ಟಿಮುಟ್ಟಾಗಿ ಅತ್ತಿಯಲ್ಲಿ ಉಳಿದಿತ್ತು. ರಾಣೆಬೆನ್ನೂರಿನಲ್ಲಿ ನೆಂಟರ ಮದುವೆಯಾದರೆ ಅಕ್ಷತೆ ಹಾಕಿ, ಊಟ ಮಾಡಿ, ಸಂಜೆಯ ಬಸ್ಸಿಗೆ ವಾಪಸ್ಸು. ಬೇರೆಯವರ ಮನೆಯಲ್ಲಿ ಒಂದು ರಾತ್ರಿ ತಲೆ ಊರಿದವಳಲ್ಲ. ಯಾಕೆ ಮದುವೆಯಾಗಲಿಲ್ಲ ಅತ್ತಿ ಎಂದು ಕೇಳಿದರೆ, "ಬಂದ ವರಗೋಳ ಊರೆಲ್ಲಾ ದೂರ ಇದ್ವು" ಎನ್ನುತ್ತಿದ್ದಳು. ಅದು ತಮಾಷೆಯೋ ಖರೆಯೋ ಇವತ್ತಿಗೂ ನನಗೆ ತಿಳಿಯದು.

ಅಂಥವಳಿಗೆ ಆ ವರ್ಷ ಹೊಸರಿತ್ತಿಯಿಂದ ಕರೆ ಬಂದಿತ್ತು. ಅಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವರು ಬೇಕಾಗಿದ್ದರು. ಆದರೆ ಹಾವೇರಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು, ಸಂಜೆ ಪಾಠ ಮುಗಿಸಿ ಮನೆ ಮುಟ್ಟುವುದು ಸಾಧ್ಯವಿಲ್ಲ, ಅಲ್ಲೇ ಉಳಿಯಬೇಕು. ಗಿರಿಜತ್ತಿಗೆ ಹೋಗುವ ಆಸೆ ಬಹಳ. ಹುಡುಗಿಯರಿಗೆ ಏನೇನು ಕಲಿಸಬಹುದೆಂದು ತಾನಾಗಿಯೇ ಹೇಳುವಳು, ಹೇಳಿ ಮುಗಿಸಿ "ಆದರ ಉಳಿಯೂದು ಹೆಂಗ?" ಎಂದು ಸೂಜಿಗೆ ದಾರ ಪೋಣಿಸುವಳು. ದೀಪಾವಳಿಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಾಗಿತ್ತು.

ಆ ದಿನಗಳಲ್ಲೇ ಗೆಳತಿಯೊಬ್ಬಳು ನನಗೆ ಈ ಸಿಡಿ ಕೊಟ್ಟಳು. ಆಟದ ಇಂಗ್ಲಿಷ್ ಹೆಸರು ಏನಿತ್ತೋ. ಪರದೆಯ ಮೇಲೆ ಮೊದಲು ಕಂಡದ್ದು ಕುದುರೆ ಸವಾರ, ಹಾಗಾಗಿ ಅದು ಕುದುರೆ ಆಟವಾಯಿತು. ಅಬ್ಬಾ, ಆ ಮೊದಲ ದಿನ! ಪರದೆಯ ತುಂಬ ಕಪ್ಪು. ನಡುವೆ ಅಂಗೈ ಅಗಲದ ಹಸಿರು ನೆಲ, ಒಂದು ಕೋಟೆ, ಅದರ ಮುಂದೆ ಒಬ್ಬ ಸವಾರ. ಅವನು ನಡೆದಲ್ಲೆಲ್ಲ ಕಪ್ಪು ಸರಿದು ಲೋಕ ತೆರೆದುಕೊಳ್ಳುತ್ತದೆ. ಇತ್ತ ಸರಿದರೆ ಚಿನ್ನದ ಗಣಿ, ಅತ್ತ ಸರಿದರೆ ರೆಕ್ಕೆಯ ಸಿಂಹ, ಮರದ ಸಂದಿಯಲ್ಲಿ ಕೋಡಿರುವ ಬಿಳಿ ಕುದುರೆ. ನಾನು ಕುರ್ಚಿಯ ಮೇಲೆ ಕೂತೇ ಕುಣಿದೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದರ ಸಾವಧಾನ. ನಾನು ಹೋಗುತ್ತಿದ್ದ ಕಂಪ್ಯೂಟರ್ ಕ್ಲಾಸಿನ ಹುಡುಗರು ಆಡುತ್ತಿದ್ದ ಆಟಗಳಲ್ಲಿ ಕಣ್ಣು ಮಿಟುಕಿಸುವುದರೊಳಗೆ ನಾನು ಸತ್ತಿರುತ್ತಿದ್ದೆ. ಇಲ್ಲಿ ಹಾಗಲ್ಲ. ನಿನ್ನ ಸರದಿ ನೀನು ಆಡು, ಅವರ ಸರದಿ ಅವರು ಆಡಲಿ. ನಮ್ಮ ಸವಾರ ಒಂದು ದಿನಕ್ಕೆ ಇಷ್ಟು ದೂರ ನಡೆಯಬಲ್ಲ. ನಡೆದಾದ ಮೇಲೆ ಮರಳುಗಡಿಯಾರದ ಗುರುತು ಒತ್ತಿದರೆ ದಿನ ಮುಗಿಯಿತು. ಒತ್ತುವ ತನಕ ಇಡೀ ಲೋಕ ಕಾಯುತ್ತದೆ. ಎದುರಿಗೆ ಬೆಂಕಿಯುಗುಳುವ ಪ್ರಾಣಿ ನಿಂತಿದೆ, ಒಳಗಿಂದ ಅವ್ವ ಕೂಗುತ್ತಾಳೆ, ನಾನು ಹೋಗಿ ಹಾಲು ಉಕ್ಕದಂತೆ ನೋಡಿ, ಕೊತ್ತಂಬರಿ ಸೋಸಿ ಕೊಟ್ಟು ಬರುತ್ತೇನೆ. ಅದು ಬಾಯಿ ತೆರೆದುಕೊಂಡು ಅಲ್ಲೇ ನಿಂತಿರುತ್ತದೆ. ಇಷ್ಟು ಮರ್ಯಾದೆಯ ವೈರಿಯನ್ನು ನಾನು ಕಂಡಿರಲಿಲ್ಲ.

ನನ್ನ ಕೇಕೆ ಕೇಳಿ ಅತ್ತಿ ಹೊಲಿಗೆ ಬಿಟ್ಟು ಬಂದಳು.

"ಅಯ್ಯ, ಎಷ್ಟ ಚಂದ ಐತಿ! ಇಂವಾ ಯಾರ?"

"ಸರದಾರ, ಅತ್ತಿ. ಹೆಸರು ಇಂಗ್ಲಿಷಿನ್ಯಾಗೈತಿ, ನಾಲಿಗಿ ಹೊಳ್ಳವಲ್ದು."

"ನಿಂಗಪ್ಪ ಅನ್ನೂಣು. ಕುಂತ ಭಂಗಿ ನೋಡು, ಥೇಟ್ ನಮ್ಮ ಟಾಂಗಾ ಹೊಡಿಯೂ ನಿಂಗಪ್ಪನ!"

ಅಲ್ಲಿಗೆ ಅವನು ನಿಂಗಪ್ಪನಾದ. ಇಲಿಯ ಟೋಪಿ ತೆಗೆದು ಅತ್ತಿಯ ಕೈಗೆ ಕೊಟ್ಟೆ. ಎಲ್ಲಿ ಒತ್ತಿದರೆ ಏನಾಗುತ್ತದೆಂದು ದೊಡ್ಡ ಪಂಡಿತಳಂತೆ ಹೇಳಿಕೊಟ್ಟೆ. ನಾನು ಕಲಿತು ಆಗಿನ್ನೂ ಒಂದು ಮಧ್ಯಾಹ್ನವೂ ಆಗಿರಲಿಲ್ಲ. ಹೋಗಬೇಕಾದ ಜಾಗ ತೋರಿಸಿದರೆ ದಾರಿಯುದ್ದಕ್ಕೂ ಬಾಣದ ಗುರುತುಗಳು ಮೂಡುತ್ತಿದ್ದವು. ಹಸಿರು ಬಾಣ ಅಂದರೆ ಇವತ್ತು ಮುಟ್ಟುವ ದಾರಿ, ಕೆಂಪು ಅಂದರೆ ನಾಳೆಯದು. ಅತ್ತಿ ಹುಷಾರಾಗಿ ನಿಂಗಪ್ಪನನ್ನು ನಡೆಸಿದಳು. ಚಿನ್ನದ ಗಣಿ ಇನ್ನೇನು ಸಿಕ್ಕಿತು ಅನ್ನುವಾಗ ಗಕ್ಕನೆ ಕುದುರೆ ತಿರುಗಿಸಿದಳು.

"ಅತ್ತಿ, ಎಲ್ಲಿ ಹೊಂಟಿ? ಗಣಿ ಅಲ್ಲೇ ಐತಲ್ಲ!"

"ಹೊತ್ತ ಮುಳಗಾಕ ಬಂತು. ಮನೀಗೆ ಹೋಗ್ಲಿ. ನಾಳೆ ಮುಂಜಾನೆ ಬುತ್ತಿ ಕಟಗೊಂಡು ಬರತಾನ."

ನಾನು ಆಟದ ನಿಯಮವನ್ನು ಎಷ್ಟು ವಿವರಿಸಿದರೂ ಅವಳದು ಒಂದೇ ಮಾತು: "ಕತ್ತಲಾದ ಮ್ಯಾಲೆ ಅಡವ್ಯಾಗ ಬಿಡೂದನ? ಯಾವ ಮಾತ ಆಡ್ತಿ!" ದಿನವೂ ನಿಂಗಪ್ಪ ಅರ್ಧ ದಾರಿ ಹೋಗುವುದು, ದೀಪ ಹಚ್ಚುವ ಹೊತ್ತಿಗೆ ಕೋಟೆಗೆ ಮರಳುವುದು. ಅತ್ತಿ ಸಮಾಧಾನದ ಉಸಿರು ಬಿಟ್ಟು ಮರಳುಗಡಿಯಾರ ಒತ್ತುವುದು. ಹಸಿರು ಬಾಣದ ಅರ್ಧ ದಾರಿಯಾಚೆ ಹೆಜ್ಜೆಯಿಡದ ಸರದಾರನನ್ನು ಆ ಆಟ ಮಾಡಿದವರು ಕನಸಿನಲ್ಲೂ ಊಹಿಸಿರಲಿಕ್ಕಿಲ್ಲ. ಆಟದಲ್ಲಿ ವಾರಗಳು ಉರುಳಿದವು, ಕೋಟೆಯಲ್ಲಿ ಸೈನ್ಯ ತುಂಬಿ ತುಳುಕಿತು, ನಮ್ಮ ಲೋಕ ಮಾತ್ರ ಅಂಗಳದಷ್ಟೇ ಇತ್ತು.

ಮನೆಯವರೆಲ್ಲ ಇದರೊಳಗೆ ಬಿದ್ದರು. ಒಮ್ಮೆ ರೆಕ್ಕೆಯ ಸಿಂಹಗಳ ಹಿಂಡೊಂದು, ಇಷ್ಟು ಚಿನ್ನ ಕೊಟ್ಟರೆ ನಿಮ್ಮ ಸೈನ್ಯ ಸೇರುತ್ತೇವೆ ಎಂದಿತು. ಹಿಂದೆ ನಿಂತಿದ್ದ ಅಪ್ಪ ಅಂಗಿಯ ತೋಳು ಮಡಿಸಿದ.

"ಸ್ವಲ್ಪ ಕಡಿಮಿ ಮಾಡ್ತಾವೇನು ಕೇಳು."

"ಕೇಳಾಕ ಬರಂಗಿಲ್ಲಪ್ಪ. ಹೌದು, ಅಲ್ಲ, ಎರಡ ಮಾತು."

"ಇದೂ ಒಂದ್ ವ್ಯಾಪಾರೇನು?" ಎಂದು ಅಪ್ಪ ಸಿಟ್ಟಾದ. ಸಿಟ್ಟಿನಲ್ಲೇ 'ಅಲ್ಲ' ಒತ್ತಿಸಿದ. ಸಿಂಹಗಳು ಸೀದಾ ಮೈಮೇಲೆ ಬಂದವು. ಅವತ್ತಿನಿಂದ ಅಪ್ಪ ಅವಕ್ಕೆ ಮಾರುಕಟ್ಟೆಯ ಕೆಲವು ಮಹನೀಯರ ಹೆಸರಿಟ್ಟು ಬಯ್ಯುತ್ತಿದ್ದ. ಆ ಹೆಸರುಗಳನ್ನು ನಾನಿಲ್ಲಿ ಹೇಳುವಂತಿಲ್ಲ, ತವರಿಗೆ ಇನ್ನೂ ಹೋಗಬೇಕು.

ಇಷ್ಟರಲ್ಲಿ ನೀಲಿ ಬಾವುಟದ ವೈರಿ ಬಂದ. ಎಷ್ಟೋ ದಿನ ಹೋಗಿ ಬಂದು ಮಾಡಿ ಅತ್ತಿ ಕೊನೆಗೂ ಹಿಡಿದಿದ್ದ ಕಟ್ಟಿಗೆ ಅಡ್ಡೆಯನ್ನು ಅವನು ನಮ್ಮ ಕಣ್ಣೆದುರೇ ಕಿತ್ತುಕೊಂಡು, ತನ್ನ ಬಾವುಟ ನೆಟ್ಟು, ಕಪ್ಪಿನೊಳಗೆ ಮಾಯವಾದ. ಅತ್ತಿಯ ಬಾಯಿಂದ ನಾನೆಂದೂ ಕೇಳದ ಒಂದು ಬೈಗುಳ ಬಂತು. ಆಮೇಲೆ ಅವಳು ಮೆಲ್ಲಗೆ ಕೇಳಿದಳು:

"ಇಂವಾ ರಾತ್ರಿ ಎಲ್ಲಿ ಇರತಾನ?"

"ಎಲ್ಲಿ ಹೊತ್ತ ಮುಳಗತೈತೋ ಅಲ್ಲೇ."

"ಮನೀಗೆ ಹೋಗಂಗಿಲ್ಲ?"

"ಇಲ್ಲ. ಅದಕ್ಕ ಅಂವಾ ಲೋಕ ಸುತ್ತಾಕತ್ತಾನ, ನಮ್ಮ ನಿಂಗಪ್ಪ ಹಿತ್ತಲಾ ಕಾಯಾಕತ್ತಾನ."

ಅತ್ತಿ ಎದ್ದು ಹೋಗಿ ಸಂಜೆಯ ದೀಪ ಹಚ್ಚಿದಳು.

ಮರುದಿನ ಊಟವಾದದ್ದೇ ತಡ, ಬಂದು ಕುಳಿತಳು. ನಿಂಗಪ್ಪನನ್ನು ನಡೆಸಿದಳು. ಅರ್ಧ ದಾರಿ ಬಂತು, ತಿರುಗಿಸಲಿಲ್ಲ. ಕೊನೆಯ ಹಸಿರು ಬಾಣದ ಹತ್ತಿರ ಒಂದು ಗಾಳಿಗಿರಣಿ, ಪಕ್ಕದಲ್ಲಿ ಕೆರೆ. "ನೀರೈತಿ. ನೆಳ್ಳೈತಿ. ಗಿರಣಿ ಅಂದಮ್ಯಾಲೆ ಮಂದೀನೂ ಇರತಾರ," ಎಂದು ತನಗೆ ತಾನೇ ಹೇಳಿಕೊಂಡಳು. "ಇಲ್ಲೇ ವಸ್ತಿ ಮಾಡ್ಲಿ." ಕಣ್ಣು ಮುಚ್ಚಿ ಮರಳುಗಡಿಯಾರ ಒತ್ತಿದಳು. ಮುಚ್ಚಿದ ಕಣ್ಣು ತೆಗೆಯಲೊಲ್ಲಳು. ನೀಲಿಯವನ ಸರದಿ ಮುಗಿಯಿತು. ಹೊಸ ದಿನ ಬಂತು. ನಾನು ಭುಜ ಅಲುಗಿಸಿದೆ.

"ಅಯ್ಯ ಶಿವನ! ಇದ್ದಾನ! ನಿಂಗಪ್ಪ ಇದ್ದಾನ!"

ಅತ್ತಿ ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದಳು. ಅವ್ವ ಸೌಟು ಹಿಡಿದುಕೊಂಡೇ ಓಡಿಬಂದು "ಯಾರ್ ಬಂದ್ರ? ಯಾವಾಗ ಬಂದ್ರ?" ಎಂದು ಬಾಗಿಲತ್ತ ನೋಡಿದಳು. ನಮಗೆ ಹೇಳಲು ಉಸಿರೇ ಇರಲಿಲ್ಲ. ನಿಂಗಪ್ಪನ ಮುಂದೆ ಮತ್ತೆ ಉದ್ದಕ್ಕೆ ಹಸಿರು ಬಾಣಗಳು ಮೂಡಿದ್ದವು. ನಿನ್ನೆಯ ಕೆಂಪೆಲ್ಲ ಇವತ್ತು ಹಸಿರಾಗಿತ್ತು. ಮುಂದಿನ ದಿನಗಳಲ್ಲಿ ಅವನು ಮರಳುಗಾಡು ದಾಟಿದ, ಹಿಮ ಕಂಡ, ದೋಣಿ ಹತ್ತಿದ. ಸಮುದ್ರ ಕಂಡ ದಿನ ಅತ್ತಿ ಮನೆಯವರಿಗೆಲ್ಲ ಗೋಧಿ ಹುಗ್ಗಿ ಮಾಡಿ ಬಡಿಸಿದಳು. ಅವಳು ನಿಜವಾದ ಸಮುದ್ರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲವೆನ್ನಿ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ದಿನ ಅಪ್ಪ ಊಟಕ್ಕೆ ಕೂತಾಗ ಅತ್ತಿ ರೊಟ್ಟಿ ನೀಡುತ್ತ ಕೇಳಿದಳು:

"ಅಣ್ಣಾ, ಹಾವೇರಿಯಿಂದ ಹೊಸರಿತ್ತಿ ವಸ್ತಿ ಬಸ್ಸು ಎಷ್ಟೊತ್ತಿಗೆ ಬಿಡತೈತಿ?"

ವಸ್ತಿ ಬಸ್ಸು ನಮ್ಮ ಕಡೆಯವರಿಗೆ ಗೊತ್ತು. ಸಂಜೆ ಹಳ್ಳಿಗೆ ಹೋದದ್ದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಮರಳುವ ಬಸ್ಸು ಅದು. ಹತ್ತಿದಿರೆಂದರೆ ನೀವೂ ಉಳಿದಿರೆಂದೇ ಲೆಕ್ಕ. ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದ:

"ಯಾರ್ ಹೋಗವ್ರು?"

"ನಾನ."

"ಗಿರಿಜಾ, ರಾತ್ರಿ ನಿನಗ ನಿದ್ದಿ ಹತ್ತತೈತೇನು ಅಲ್ಲೆ?"

"ಹತ್ತಲಿಲ್ಲಂದ್ರ ಎಚ್ಚರ ಇರತೇನಿ. ಹೆಂಗೂ ಮುಂಜಾನೆ ಆಗೇ ಆಗತೈತಲ್ಲ."

ಅಪ್ಪ ಹಿಡಿದಿದ್ದ ತುತ್ತನ್ನು ಬಾಯಿಗಿಟ್ಟ. ಅವ್ವ ನನ್ನ ಕಡೆ ನೋಡಿದಳು, ನಾನು ಕಂಪ್ಯೂಟರಿನ ಕಡೆ ನೋಡಿದೆ. ಹಬ್ಬ ಮುಗಿದ ಮೇಲೆ ಅತ್ತಿ ಟ್ರಂಕು ಹಿಡಿದು ಹೊರಟಳು. ಮರುದಿನ ಬೆಳಿಗ್ಗೆ ಫೋನು ರಿಂಗಣಿಸಿದಾಗ ಅಪ್ಪ ಹಲ್ಲುಜ್ಜುವುದನ್ನು ಬಿಟ್ಟು ಓಡಿದ. ಅತ್ತಿಯ ದನಿ ಎಷ್ಟು ದೊಡ್ಡದಿತ್ತೆಂದರೆ ಅಡುಗೆಮನೆಯಲ್ಲಿದ್ದ ನಮಗೂ ಕೇಳಿತು: "ಅಣ್ಣಾ, ಇದ್ದೇನಿ!" ಅಪ್ಪ ಬಾಯಿ ತುಂಬ ಪೇಸ್ಟು ಇಟ್ಟುಕೊಂಡು ನಗುತ್ತಿದ್ದ, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನಗೂ ಅಳು ಬಂತು, ಎಂಥ ಹರುಷದ ಅಳು ಅದು! ಅವತ್ತು ಹೋದವಳು ಇವತ್ತಿಗೂ ಹೊಸರಿತ್ತಿಯಲ್ಲೇ ಇದ್ದಾಳೆ. ಅವಳ ಕೈಯಲ್ಲಿ ಕಲಿತ ಹುಡುಗಿಯರು ಕರ್ಜಗಿಯಲ್ಲಿ, ಹಾವೇರಿಯಲ್ಲಿ ಅಂಗಡಿ ಇಟ್ಟಿದ್ದಾರೆ.

ಇನ್ನು ನಾನು. ಅತ್ತಿಗೆ ಅಡವಿಯಲ್ಲಿ ವಸ್ತಿ ಮಾಡಲು ಕಲಿಸಿದ ಪಂಡಿತಳು ಹಾವೇರಿಗೆ ಮದುವೆಯಾಗಿ ಹೋದವಳು, ಅಲ್ಲಿಂದೀಚೆಗೆ ಎಲ್ಲೂ ಒಂದು ರಾತ್ರಿ ಉಳಿದಿಲ್ಲ. ಬಾಣಂತನ ಬಿಟ್ಟರೆ ತವರಿಗೂ ಬೆಳಿಗ್ಗೆ ಬರುವುದು, ಸಂಜೆಯ ಬಸ್ಸಿಗೆ ಮರಳುವುದು. ಹೊಸರಿತ್ತಿಗೆ ಬಾ ಎಂದು ಅತ್ತಿ ಕರೆದಾಗಲೆಲ್ಲ "ಹೆಂಗ ಉಳೀಲಿ ಅತ್ತಿ, ಮನ್ಯಾಗ ಯಾರದಾರ?" ಎನ್ನುತ್ತೇನೆ. ಮನೆಯಲ್ಲಿ ಗಂಡ ಇದ್ದಾರೆ, ಮಗಳು ಇದ್ದಾಳೆ, ಇಬ್ಬರಿಗೂ ಗ್ಯಾಸ್ ಹಚ್ಚಲು ಬರುತ್ತದೆ. ಮಾಳಿಗೆಯ ಮೇಲೆ ಆ ಸಿಡಿ ಹಿಡಿದು ನಿಂತಾಗ ಕೆಳಗಿಂದ ಅವ್ವನ ದನಿ: "ಲಗೂ ಇಳಿಯವಾ, ಬಸ್ಸು ತಪ್ಪತೈತಿ!"

ದಾರ ಬಿಚ್ಚಿ ಸಿಡಿಯನ್ನು ಪರ್ಸಿನಲ್ಲಿ ಹಾಕಿಕೊಂಡೆ. ಹಾವೇರಿ ಸ್ಟ್ಯಾಂಡಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ನಮ್ಮ ಮನೆಯ ಕಡೆಯ ಆಟೋದವನು "ಬರ್ರಿ ಅಕ್ಕಾರ" ಎಂದ. ನಾನು ಮುಂದೆ ಹೋಗಿ ಹೊಸರಿತ್ತಿ ಬಸ್ಸು ಹತ್ತಿ ಕುಳಿತೆ. ಮೊದಲು ಮನೆಗೆ ಫೋನು ಮಾಡಿದೆ. "ಊಟಕ್ಕ ಏನ್ ಮಾಡೂದು?" ಎಂದರು ಇವರು. "ಮುಂಜಾನೆ ತನಕ ಇರ್ತೀರಿ, ಏನೂ ಆಗೂದಿಲ್ರಿ," ಎಂದೆ. ಆಮೇಲೆ ಅತ್ತಿಗೆ.

"ಬರಾಕತ್ತಿ ಖರೇ, ಹೊಳ್ಳಿ ಹೋಗೂದು ಎಷ್ಟೊತ್ತಿಗೆ?" ಎಂದಳು ಅತ್ತಿ.

"ಇವತ್ತ ಇಲ್ಲತ್ತಿ. ವಸ್ತಿ."

ಅತ್ತಿ ಫೋನು ಕೆಳಗಿಡುವುದನ್ನೂ ಮರೆತು ಒಳಗಿನ ಹುಡುಗಿಯರಿಗೆ ಕೂಗಿ ಹೇಳುವುದು ಕೇಳಿತು: "ಅನ್ನಾ ಜಾಸ್ತಿ ಇಡ್ರವಾ, ನಮ್ಮ ನಿಂಗಪ್ಪ ಬರಾಕತ್ತಾನ!"